ದೋಣಿಗೆ ರಜೆ, ಗಾಳಕ್ಕೆ ಇಲ್ಲ

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಂಗಳೂರು, ಮಲ್ಪೆ, ಕಾರವಾರದ ಬಂದರುಗಳಲ್ಲಿ ಬೋಟುಗಳು ಸಾಲುಗಟ್ಟಿ ನಿಲ್ಲುತ್ತವೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಉಂಟು. ಮೀನು ತತ್ತಿ ಇಡುವ ಕಾಲ, ಕಡಲು ಕೆರಳುವ ಕಾಲ ಎರಡನ್ನೂ ಗಮನಿಸಿ ಮಾಡಿದ ಈ ನಿಯಮ ಬೋಟುಗಳ ಮಟ್ಟಿಗೆ ಸರಿಯಾಗಿದೆ. ಹವ್ಯಾಸಕ್ಕೆ ಗಾಳ ಹಾಕುವವರ ಮಟ್ಟಿಗೆ ಮಾತ್ರ ಅದು ಅರೆಬರೆ.

1986ರ ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆಯ ಲಕ್ಷ್ಯ ಮುಖ್ಯವಾಗಿ ದೋಣಿಯ ಮೇಲಿದೆ. ನೋಂದಣಿ ದೋಣಿಗೆ, ಪರವಾನಗಿ ದೋಣಿಗೆ. ಬಂಡೆಯ ಮೇಲೆ ರಾಡು, ರೀಲು ಹಿಡಿದು ನಿಂತವನಿಗೆ ದೋಣಿಯೇ ಇಲ್ಲ. ಮಳೆಗಾಲದಲ್ಲಿ ಅವನು ಹುಡುಕಿಕೊಂಡು ಹೋಗುವುದು ಕೋಡಿಬೆಂಗ್ರೆ, ಗಂಗೊಳ್ಳಿ, ಹೊನ್ನಾವರದಂಥ ಅಳಿವೆಗಳನ್ನು. ಹೊಳೆಯ ಕೆಂಪು ನೀರು ಇಳಿತದ ಹೊತ್ತಿಗೆ ಕಡಲಿಗೆ ನುಗ್ಗುವ ಆ ಜಾಗದಲ್ಲಿ ಸಣ್ಣ ಮೀನು ಸೇರುತ್ತದೆ, ಅದರ ಬೆನ್ನಿಗೆ ದೊಡ್ಡ ಮೀನು ಬರುತ್ತದೆ.

ಹಾಗೆ ಬರುವ ಸೀ ಬಾಸ್, ಅಂದರೆ ಕೊಂಕಣಿಗರ ಚೊಣಕ, ಗಾಳದವರಿಗೆ ಬಲು ಪ್ರಿಯ. ಈ ಮೀನು ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷ ಕಳೆದ ಮೇಲೆ ಹೆಣ್ಣಾಗುತ್ತದೆ. ಹಾಗಾಗಿ ಫೋಟೊಕ್ಕೆಂದು ಎತ್ತಿ ಹಿಡಿಯುವ ದೊಡ್ಡ ಮೀನು ಬಹುಪಾಲು ಹೆಣ್ಣೇ. ಅದು ಸಿಹಿನೀರಿನಿಂದ ಅಳಿವೆಯತ್ತ ಇಳಿದು ಬರುವುದು ಉಪ್ಪುನೀರಿನಲ್ಲಿ ಲಕ್ಷಗಟ್ಟಲೆ ತತ್ತಿ ಇಡಲಿಕ್ಕೆ. ಅಂಥದೊಂದು ಮೀನನ್ನು ಎತ್ತಿದರೆ ಇಡೀ ಒಂದು ಪೀಳಿಗೆಗೇ ಪೆಟ್ಟು. ಸಣ್ಣ ಮೀನು ಹಿಡಿಯಬೇಡಿ ಎಂಬ ನಿಯಮವೊಂದೇ ಇಲ್ಲಿ ಸಾಲದು.

ಇದೇ ಮೀನಿಗೆ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಎರಡು ಗೆರೆಗಳಿವೆ: 58 ಸೆಂ.ಮೀ.ಗಿಂತ ಚಿಕ್ಕದನ್ನೂ ಇಟ್ಟುಕೊಳ್ಳುವಂತಿಲ್ಲ, 120 ಸೆಂ.ಮೀ.ಗಿಂತ ದೊಡ್ಡದನ್ನೂ ಇಟ್ಟುಕೊಳ್ಳುವಂತಿಲ್ಲ. ತತ್ತಿಯ ಕಾಲಕ್ಕೆ ಪೂರ್ವ ಕರಾವಳಿಯಲ್ಲಿ ಈ ಮೀನಿನ ಬೇಟೆಗೇ ತಡೆ. ಮೀನಿನ ಬದುಕನ್ನು ಅರಿತು ಬರೆದ ನಿಯಮ ಹೀಗಿರುತ್ತದೆ.

ಹಿಡಿದು ಬಿಟ್ಟರಾಯಿತಲ್ಲ ಎನ್ನುವವರು ಕಾವೇರಿಯನ್ನು ನೋಡಬೇಕು. ಭೀಮೇಶ್ವರಿ, ಗಾಳಿಬೋರೆಯಲ್ಲಿ ಹವ್ಯಾಸಿಗಳು ಮಹಶೀರ್ ಮೀನು ಹಿಡಿದು ಮತ್ತೆ ಹೊಳೆಗೇ ಬಿಡುತ್ತಿದ್ದರು. ಆದರೂ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿ ಸೇರಿತು. ಅದರ ಕಷ್ಟಗಳು ಗಾಳಕ್ಕಿಂತ ದೊಡ್ಡವು. ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಕುಸಿತ ವಿಜ್ಞಾನಿಗಳಿಗೆ ಗೊತ್ತಾದದ್ದು ಗಾಳಿಬೋರೆಯ ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದಿಂದ. ಲೆಕ್ಕ ಇಡುವ ಹವ್ಯಾಸಿ ನದಿಯ ಕಾವಲುಗಾರನೂ ಆಗಬಲ್ಲ.

ಕಡಲಿನಿಂದ ಬಲು ದೂರ, ಭೀಮಾ ನದಿಯ ದಂಡೆಯಲ್ಲಿರುವ ನಮ್ಮ ದೇವಣಗಾಂವಕ್ಕೂ ಈ ಮಾತು ಹೊರಗಿನದಲ್ಲ. ಮುಂಗಾರಿನ ಹೊಸ ನೀರು ಬಂದಾಗ ಭೀಮೆಯ ಮೀನು ಸೆಳವಿಗೆ ಎದುರಾಗಿ ಏರುತ್ತದೆ. ಬ್ಯಾರೇಜಿನ ಗೋಡೆ ಅಡ್ಡ ಬಂದಲ್ಲಿ ಗುಂಪುಗಟ್ಟುತ್ತದೆ. ತತ್ತಿ ತುಂಬಿದ ಮೀನು ಸಲೀಸಾಗಿ ಕೈಗೆ ಸಿಗುವುದು ಆಗಲೇ. ಅಳಿವೆಯಿರಲಿ, ಬ್ಯಾರೇಜಿನ ಬುಡವಿರಲಿ, ಹವ್ಯಾಸಕ್ಕೆ ಒಂದು ಮಿತಿ ಬೇಕು.

ಹೊಟ್ಟೆಪಾಡಿಗೆ ಗಾಳ ಹಾಕುವವರಿಗೆ ಇದರಿಂದ ತೊಂದರೆ ಆಗಬಾರದು. ಮೋಜಿಗಾಗಿ ಹಿಡಿಯುವವರಿಗೆ ಮಾತ್ರ ಮೀನುಗಾರಿಕೆ ಇಲಾಖೆ ಮೂರು ನಿಯಮ ತರಲಿ: 61 ದಿನ ಅಳಿವೆಯಲ್ಲಿ ಗಾಳ ಬೇಡ, ಸೀ ಬಾಸ್‌ಗೆ ಕೆಳಗೂ ಮೇಲೂ ಅಳತೆಯ ಮಿತಿ ಇರಲಿ, ಹಿಡಿದದ್ದರ ಲೆಕ್ಕ ಕೊಡುವ ಷರತ್ತಿನ ಮೇಲೆ ಉಚಿತ ಪರವಾನಗಿ ಕೊಡಲಿ. ನಿಯಮ ಬರುವವರೆಗೆ ಕಾಯುವ ಅಗತ್ಯವೂ ಇಲ್ಲ. ಗಾಳ ಹಿಡಿದವರೇ, ಈ ಮಳೆಗಾಲದಿಂದಲೇ ಅಳಿವೆಯನ್ನು ಮೀನಿಗೆ ಬಿಟ್ಟುಕೊಡಿ.