ಬೀಗ ಹಾಕಿದ ಶಾಲೆಯ ಚರಿತ್ರೆಯನ್ನು ಯಾರು ಬರೆಯಬೇಕು?

ಅಮೆರಿಕದ ಕಪ್ಪು ಜನರ ಹೋರಾಟ ಅಂದ ಕೂಡಲೇ ನಮ್ಮ ಕಡೆ ಎರಡು ಮೂರು ಹೆಸರು ಬಾಯಿಗೆ ಬರುತ್ತವೆ: ಮಾರ್ಟಿನ್ ಲೂಥರ್ ಕಿಂಗ್, ಮಾಲ್ಕಂ ಎಕ್ಸ್, ಬಸ್ಸಿನಲ್ಲಿ ಸೀಟು ಬಿಡದ ರೋಸಾ ಪಾರ್ಕ್ಸ್. 1972ರಲ್ಲಿ ಮುಂಬಯಿಯ ದಲಿತ ಯುವಕರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡದ್ದೂ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್‌ಗಳನ್ನು ನೋಡಿಯೇ. ಆದರೆ ವರ್ಜೀನಿಯಾ ರಾಜ್ಯದ ಫಾರ್ಮ್‌ವಿಲ್ ಎಂಬ ಸಣ್ಣ ಊರಿನ ಒಂದು ಹೈಸ್ಕೂಲಿನ ಕತೆ ನಮ್ಮ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ಅಷ್ಟಾಗಿ ಗೊತ್ತಿಲ್ಲ. ಗೊತ್ತಾಗಬೇಕು. ಅದಕ್ಕಿಂತ ಹೆಚ್ಚಾಗಿ, ಆ ಕತೆಯನ್ನು ಈಗ ಹೇಳುತ್ತಿರುವ ರೀತಿಯ ಬಗ್ಗೆ ನಾವು ತಕರಾರು ಎತ್ತಬೇಕು.

ಶಾಲೆಯ ಹೆಸರು ರಾಬರ್ಟ್ ರುಸ್ಸಾ ಮೋಟನ್ ಹೈಸ್ಕೂಲು. ಇವತ್ತು ಅದಕ್ಕೆ ಮರ್ಯಾದೆ ಬಂದಿದೆ. 1998ರಲ್ಲಿ ಆ ಕಟ್ಟಡವನ್ನು ರಾಷ್ಟ್ರೀಯ ಚಾರಿತ್ರಿಕ ಸ್ಮಾರಕ ಎಂದು ಘೋಷಿಸಿದರು. 2001ರಲ್ಲಿ ಅದು ಮ್ಯೂಸಿಯಂ ಆಯಿತು. 2020ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದಿಂದ ವರ್ಜೀನಿಯಾ ರಾಜ್ಯದ ಪರವಾಗಿ ನಿಂತಿದ್ದ ರಾಬರ್ಟ್ ಲೀ ಪ್ರತಿಮೆಯನ್ನು ತೆಗೆದರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟ ದಕ್ಷಿಣದ ರಾಜ್ಯಗಳ ಸೇನಾನಿ ಅವನು. ಅವನ ಜಾಗಕ್ಕೆ ಆರಿಸಿದ್ದು ಇದೇ ಶಾಲೆಯ ವಿದ್ಯಾರ್ಥಿನಿ ಬಾರ್ಬರಾ ಜಾನ್ಸ್‌ಳನ್ನು. ಒಳ್ಳೆಯದೇ, ಬೇಡ ಅನ್ನೋರು ಯಾರು? ಆದರೆ ಪ್ರತಿಮೆಯ ಪಕ್ಕದಲ್ಲಿ ನಿಂತು ಹೇಳುವ ಕತೆ ಎಂಥದು?

ಕತೆ ಸಾಮಾನ್ಯವಾಗಿ ಹೀಗಿರುತ್ತದೆ. ಒಬ್ಬ ಧೈರ್ಯವಂತೆ ಹುಡುಗಿ ಎದ್ದು ನಿಂತಳು. ಒಳ್ಳೆಯ ವಕೀಲರು ಬಂದರು. ದೊಡ್ಡ ಕೋರ್ಟು ನ್ಯಾಯ ಕೊಟ್ಟಿತು. ದೇಶ ಮುಂದೆ ಹೋಯಿತು. ಇದರಲ್ಲಿ ಬಿಡಿ ಬಿಡಿ ಮಾತುಗಳೆಲ್ಲ ನಿಜ, ಜೋಡಿಸಿದ ರೀತಿಯಲ್ಲಿ ಮೋಸವಿದೆ. ಈ ಕತೆಯೊಳಗೆ ಒಂದು ಸಮುದಾಯವೇ ಇಲ್ಲ. ಐದು ವರ್ಷ ಶಾಲೆಗೆ ಬೀಗ ಬಿದ್ದದ್ದೂ ಇಲ್ಲ, ಬೀಗ ಹಾಕಿದವರೂ ಇಲ್ಲ.

ಮೊದಲು ಶಾಲೆ ಹುಟ್ಟಿದ ಬಗೆ ನೋಡೋಣ. ಫಾರ್ಮ್‌ವಿಲ್ ಇರುವುದು ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ, ಹೊಗೆಸೊಪ್ಪು ಬೆಳೆಯುವ ಸೀಮೆ. ಕೌಂಟಿ ಅಂದರೆ ತಾನೇ ತೆರಿಗೆ ಎತ್ತಿ ತಾನೇ ಶಾಲೆ ನಡೆಸುವ ಸ್ಥಳೀಯ ಆಡಳಿತ. ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪು ಜನರ ಮಕ್ಕಳಿಗೆ ಇನ್ನೊಂದು. 'ಬೇರೆ ಬೇರೆ, ಆದರೆ ಸಮಾನ' ಅಂತ 1896ರಲ್ಲಿ ಸುಪ್ರೀಂ ಕೋರ್ಟೇ ಇದಕ್ಕೆ ಮುದ್ರೆ ಒತ್ತಿತ್ತು. ಕಪ್ಪು ಮಕ್ಕಳಿಗೆ ಹೈಸ್ಕೂಲು ಬೇಕು ಅಂತ ಕೌಂಟಿಯವರಿಗೆ ತಾನಾಗಿ ಅನ್ನಿಸಲಿಲ್ಲ. ಮಾರ್ಥಾ ಫಾರೆಸ್ಟರ್ ಎಂಬ ಹೆಣ್ಣುಮಗಳ ಮುಂದಾಳತ್ವದಲ್ಲಿ 1920ರಲ್ಲಿ ಹುಟ್ಟಿದ ಕಪ್ಪು ಮಹಿಳೆಯರ ಸಂಘ ಅರ್ಜಿ ಮೇಲೆ ಅರ್ಜಿ ಹಾಕಿ, ಮೇಲಿನ ತರಗತಿಗಳನ್ನು ಒಂದೊಂದಾಗಿ ಕೇಳಿ ಪಡೆಯಿತು. 1939ರಲ್ಲಿ ಮೋಟನ್ ಶಾಲೆಯ ಇಟ್ಟಿಗೆ ಕಟ್ಟಡ ಎದ್ದಿತು. ಅಂದರೆ ಅದು ಸರ್ಕಾರ ದಾನ ಕೊಟ್ಟ ಶಾಲೆಯಲ್ಲ, ಹೆಂಗಸರು ಪೀಡಿಸಿ ವಸೂಲು ಮಾಡಿದ ಶಾಲೆ.

ಅದಕ್ಕೆ ಇಟ್ಟ ಹೆಸರನ್ನೂ ಗಮನಿಸಿ. ಆ ಸೀಮೆಯಲ್ಲೇ ಬೆಳೆದ ಮೋಟನ್, ಬೂಕರ್ ಟಿ. ವಾಷಿಂಗ್ಟನ್ ನಂತರ ಟಸ್ಕೆಗೀ ಸಂಸ್ಥೆಯ ಮುಖ್ಯಸ್ಥರಾದವರು. ಬಿಳಿಯರ ಜೊತೆ ಹೊಂದಿಕೊಂಡು ಹೋಗುವವರು ಅಂತ ಹೆಸರಾದವರು. ಅಂಥವರ ಮಾತನ್ನೂ ಅವರು ಸಹಿಸಲಿಲ್ಲ. 1922ರಲ್ಲಿ ಲಿಂಕನ್ ಸ್ಮಾರಕದ ಉದ್ಘಾಟನೆಗೆ ಮೋಟನ್‌ರನ್ನು ಭಾಷಣಕ್ಕೆ ಕರೆದ ಅಧಿಕಾರಸ್ಥರು ಅವರ ಭಾಷಣದ ಖಾರವಾದ ಭಾಗಗಳನ್ನು ಮೊದಲೇ ಕತ್ತರಿಸಿ ಹಾಕಿಸಿದರು. ಗುಲಾಮರ ವಿಮೋಚಕನ ಸ್ಮಾರಕದ ಮುಂದೆ ಕಪ್ಪು ಜನರನ್ನು ಬೇರೆ ಕೂರಿಸಿದ್ದರು.

ಮೋಟನ್ ಶಾಲೆ ಕಟ್ಟಿದ್ದು 180 ಮಕ್ಕಳಿಗೆ. 1950ರ ಹೊತ್ತಿಗೆ ಅಲ್ಲಿದ್ದವರು 450ಕ್ಕೂ ಹೆಚ್ಚು. ಊಟದ ಹಾಲ್ ಇಲ್ಲ, ವ್ಯಾಯಾಮಶಾಲೆ ಇಲ್ಲ. ಒಂದೇ ಸಭಾಂಗಣದಲ್ಲಿ ಹಲವು ತರಗತಿ. ಹೊಸ ಕಟ್ಟಡ ಕೊಡಿ ಅಂತ ತಂದೆತಾಯಿಗಳು ಕೇಳಿದ್ದಕ್ಕೆ ಕೌಂಟಿಯವರು ಕೊಟ್ಟದ್ದು ಡಾಂಬರು ಕಾಗದ ಹೊದಿಸಿದ ಮರದ ಷೆಡ್ಡು. ಮಳೆ ಬಂದರೆ ಸೋರುತ್ತಿತ್ತು. ಚಳಿಗಾಲದಲ್ಲಿ ಒಲೆಯ ಪಕ್ಕ ಕೂತವರು ಬೇಯುತ್ತಿದ್ದರು, ಕಿಟಕಿಯ ಪಕ್ಕದವರು ಕೋಟು ಹಾಕಿಕೊಂಡೇ ಪಾಠ ಕೇಳುತ್ತಿದ್ದರು. ನೋಡಿದವರು ಕೋಳಿಗೂಡು ಅಂದರು. ಅದೇ ಊರಿನ ಬಿಳಿಯರ ಹೈಸ್ಕೂಲಿಗೆ ಎಲ್ಲವೂ ಇತ್ತು. ಇದು ಅವರ 'ಸಮಾನ'.

1951ರ ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಜಾನ್ಸ್ ಮತ್ತು ಗೆಳೆಯರು ಮುಷ್ಕರ ಹೂಡಿದರು. ಹೆಡ್‌ಮಾಸ್ಟರಿಗೆ ಸುಳ್ಳು ಫೋನು ಮಾಡಿ, ನಿಮ್ಮ ಹುಡುಗರು ಪೇಟೆಯಲ್ಲಿ ತೊಂದರೆಗೆ ಸಿಕ್ಕಿಕೊಂಡಿದಾರೆ ಅಂತ ಹೊರಗೆ ಕಳಿಸಿದರು. ಇಡೀ ಶಾಲೆಯನ್ನು ಸಭಾಂಗಣಕ್ಕೆ ಕರೆದರು, ಮೇಷ್ಟ್ರುಗಳನ್ನು ಆಚೆಗೆ ಹೋಗಿ ಅಂದರು. ಅಷ್ಟೂ ಮಕ್ಕಳು ತರಗತಿ ಬಿಟ್ಟು ಹೊರಬಂದರು. ಎರಡು ವಾರ ಮುಷ್ಕರ ನಡೆಯಿತು. ಶಾಲೆಯ ಆವರಣದಲ್ಲಿ ಶಿಲುಬೆ ಸುಟ್ಟು ಹೆದರಿಸಿದರು. ಹೆಡ್‌ಮಾಸ್ಟರ್ ಬಾಯ್ಡ್ ಜೋನ್ಸ್ ಕೆಲಸ ಕಳಕೊಂಡರು. ಬಾರ್ಬರಾಳನ್ನು ಮನೆಯವರು ಅಲಬಾಮಾದ ಮಾಂಟ್‌ಗೊಮರಿಯಲ್ಲಿದ್ದ ಅವಳ ಚಿಕ್ಕಪ್ಪ ವರ್ನನ್ ಜಾನ್ಸ್ ಅವರಲ್ಲಿಗೆ ಕಳಿಸಿಬಿಟ್ಟರು, ಜೀವ ಉಳಿಯಲಿ ಅಂತ.

ಈ ಹುಡುಗಿ ದೊಡ್ಡವಳು, ಸಂಶಯವಿಲ್ಲ. ಆದರೆ ಅವಳೊಬ್ಬಳನ್ನೇ ಕಲ್ಲಲ್ಲೋ ಕಂಚಲ್ಲೋ ನಿಲ್ಲಿಸಿದಾಗ ಹಿಂದಿನ ಸಾಲು ಕಾಣೆಯಾಗುತ್ತದೆ. ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದ ಪೋಷಕರು ಎಲ್ಲಿ? ಅವರ ಮುಂದಾಳು, ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಎಲ್ಲಿ? ಬಾರ್ಬರಾ ಜೊತೆ ಕೂತು ವಕೀಲರಿಗೆ ಕಾಗದ ಬರೆದ ಕ್ಯಾರಿ ಸ್ಟೋಕ್ಸ್ ಎಲ್ಲಿ? ಆಳುವವರಿಗೆ ಒಂಟಿ ವೀರರೆಂದರೆ ಪ್ರೀತಿ. ಒಬ್ಬರಾದರೆ ಹಾರ ಹಾಕಿ ಮುಗಿಸಬಹುದು. ಇಡೀ ಸಮುದಾಯಕ್ಕೆ ಹಾರ ಹಾಕೋಕಾಗಲ್ಲ, ಲೆಕ್ಕ ಕೊಡಬೇಕಾಗುತ್ತೆ.

ವಕೀಲರ ಮಾತಿಗೆ ಬರೋಣ. ಮಕ್ಕಳು ಕೇಳಿದ್ದು ಒಳ್ಳೆಯ ಕಟ್ಟಡ. ರಿಚ್‌ಮಂಡ್‌ನಿಂದ ಬಂದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್, ಬರೀ ಕಟ್ಟಡಕ್ಕಾಗಿ ದಾವೆ ಹಾಕೋದಿಲ್ಲ, ಬೇರ್ಪಡಿಸುವ ಪದ್ಧತಿಯನ್ನೇ ಪ್ರಶ್ನಿಸೋದಾದರೆ ಬರುತ್ತೇವೆ ಅಂದರು. ಮೇ 3ರಂದು ಗ್ರಿಫಿನ್ ಚರ್ಚಿನಲ್ಲಿ ಊರಿನ ಕಪ್ಪು ಜನ ಸೇರಿ ವಾದ ಮಾಡಿದರು. ಎಲ್ಲರೂ ಒಂದೇ ಮಾತಾಡಲಿಲ್ಲ. ಹೊಸ ಕಟ್ಟಡ ಸಾಕು, ಕೂಡು ಶಾಲೆ ಬೇಡ ಅಂದವರೂ ಇದ್ದರು. ಕೊನೆಗೆ ಸಭೆ ದಾವೆಗೆ ಒಪ್ಪಿತು. ಮೇ 23ರಂದು 117 ವಿದ್ಯಾರ್ಥಿಗಳ ಪರವಾಗಿ ದಾವೆ ದಾಖಲಾಯಿತು. ಮೊದಲ ಹೆಸರು ಡೊರೋತಿ ಡೇವಿಸ್ ಎಂಬ ರೈತನ ಮಗಳದು. ಕೆಳಗಿನ ಕೋರ್ಟಿನಲ್ಲಿ ಸೋತ ಈ ದಾವೆ ಮುಂದೆ 'ಬ್ರೌನ್' ಅಂತ ಲೋಕಪ್ರಸಿದ್ಧವಾದ ಮೊಕದ್ದಮೆಯ ಐದು ದಾವೆಗಳಲ್ಲಿ ಒಂದಾಯಿತು. ಐದರಲ್ಲಿ ವಿದ್ಯಾರ್ಥಿಗಳೇ ಹುಟ್ಟುಹಾಕಿದ್ದು ಇದೊಂದೇ. 1954ರ ಮೇ 17ರಂದು ಸುಪ್ರೀಂ ಕೋರ್ಟು, ಬೇರೆ ಬೇರೆ ಶಾಲೆ ಅನ್ನೋದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು.

ಪಠ್ಯಪುಸ್ತಕಗಳ ಬ್ರೌನ್ ಕತೆ ಬಹುಪಾಲು ಇಲ್ಲಿಗೆ ನಿಲ್ಲುತ್ತದೆ. ಫಾರ್ಮ್‌ವಿಲ್‌ನ ನಿಜವಾದ ಕತೆ ಇಲ್ಲಿಂದ ಶುರುವಾಗುತ್ತದೆ.

ತೀರ್ಪಿಗೆ ಮುಂಚೆಯೇ, 1953ರಲ್ಲಿ, ಕೌಂಟಿಯವರು ಕಪ್ಪು ಮಕ್ಕಳಿಗೆ ತರಾತುರಿಯಲ್ಲಿ ಹೊಸ ಮೋಟನ್ ಹೈಸ್ಕೂಲು ಕಟ್ಟಿಸಿದ್ದರು. ಅಷ್ಟು ವರ್ಷ ಇಲ್ಲದ ದುಡ್ಡು ಎಲ್ಲಿಂದ ಬಂತು? ಬೇರೆ ಇಡೋದಕ್ಕೆ ದುಡ್ಡಿತ್ತು, ಕೂಡಿಸೋದಕ್ಕೆ ಇರಲಿಲ್ಲ. ತೀರ್ಪು ಬಂದು ಐದು ವರ್ಷ ಒಂದು ಮಗುವೂ ಆ ಗೆರೆ ದಾಟಲಿಲ್ಲ. ಸೆನೆಟರ್ ಹ್ಯಾರಿ ಬರ್ಡ್ 1956ರಲ್ಲಿ 'ಭಾರೀ ಪ್ರತಿರೋಧ' ಅಂತ ಕರೆ ಕೊಟ್ಟ. 1959ರ ಮೇ ತಿಂಗಳಲ್ಲಿ ಮೇಲಿನ ಕೋರ್ಟು, ಸೆಪ್ಟೆಂಬರಿನಿಂದ ಎಲ್ಲ ಮಕ್ಕಳೂ ಕೂಡಿ ಓದಬೇಕು ಅಂತ ಆಜ್ಞೆ ಮಾಡಿದಾಗ ಕೌಂಟಿಯ ಆಡಳಿತ ಮಂಡಳಿ ಒಂದು ಕೆಲಸ ಮಾಡಿತು. ಬಡಿಗೆ ಎತ್ತಲಿಲ್ಲ, ಬಂದೂಕು ಹಿಡಿಯಲಿಲ್ಲ. ಆ ವರ್ಷದ ಬಜೆಟ್ಟಿನಲ್ಲಿ ಶಾಲೆಗೆ ದುಡ್ಡು ಇಡಲಿಲ್ಲ, ಅಷ್ಟೇ. ಕೌಂಟಿಯ ಎಲ್ಲ ಸರ್ಕಾರಿ ಶಾಲೆಗಳಿಗೂ ಬೀಗ ಬಿತ್ತು. ಮಕ್ಕಳು ಮುಷ್ಕರ ಹೂಡಿ ಪಡೆದ ಹೊಸ ಕಟ್ಟಡವೂ ಅದರಲ್ಲಿ ಸೇರಿತ್ತು.

ಇದನ್ನು ಇನ್ನೊಮ್ಮೆ ಓದಿ. ನಮ್ಮ ಮಗು ನಿಮ್ಮ ಮಗುವಿನ ಪಕ್ಕ ಕೂರೋದಾದರೆ ಯಾರಿಗೂ ಶಾಲೆಯೇ ಬೇಡ ಅಂತ ಒಂದು ಚುನಾಯಿತ ಸರ್ಕಾರ ತೀರ್ಮಾನಿಸಿತು. ಬಾವಿ ಮುಟ್ಟಿದರೆ ಬಾವಿಯನ್ನೇ ಮುಚ್ಚುವ ಬುದ್ಧಿ ಇದು. ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಬಿಳಿಯರ ಮಕ್ಕಳು ಬೀದಿಗೆ ಬಿದ್ದರಾ? ಇಲ್ಲ. ಅವರಿಗಾಗಿ 1955ರಲ್ಲೇ ಒಂದು ಖಾಸಗಿ ಸಂಸ್ಥೆ ಸಿದ್ಧವಾಗಿತ್ತು. ಪ್ರಿನ್ಸ್ ಎಡ್ವರ್ಡ್ ಅಕಾಡೆಮಿ ಚರ್ಚುಗಳಲ್ಲಿ, ಸಿಕ್ಕ ಸಿಕ್ಕ ಹಾಲ್‌ಗಳಲ್ಲಿ ತರಗತಿ ತೆರೆಯಿತು. ಮುಂದಿನ ವರ್ಷ ರಾಜ್ಯದ ಶುಲ್ಕ ಸಹಾಯ, ಕೌಂಟಿಯ ತೆರಿಗೆ ರಿಯಾಯಿತಿ ಎರಡೂ ಅಲ್ಲಿಗೆ ಹರಿದವು. ಊರಿನ ಪತ್ರಿಕೆ ಫಾರ್ಮ್‌ವಿಲ್ ಹೆರಾಲ್ಡ್‌ನ ಸಂಪಾದಕ ಬ್ಯಾರಿ ವಾಲ್ ಇದಕ್ಕೆಲ್ಲ ಬೆನ್ನೆಲುಬು. ಕಪ್ಪು ಜನ ಕಟ್ಟಿದ ತೆರಿಗೆಯೂ ಸೇರಿದ ಖಜಾನೆಯಿಂದ ಬಿಳಿಯರ ಖಾಸಗಿ ಶಾಲೆ ನಡೆಯಿತು. ಫೀಸು ಕೊಡಲಾಗದ ಬಡ ಬಿಳಿಯರ ಕೆಲವು ಮಕ್ಕಳೂ ಶಾಲೆ ಕಳಕೊಂಡರು. ಬಣ್ಣದ ಹೆಮ್ಮೆ ಅವರಿಗೆ ಅನ್ನವನ್ನೂ ಕೊಡಲಿಲ್ಲ, ಅಕ್ಷರವನ್ನೂ ಕೊಡಲಿಲ್ಲ.

ಕಪ್ಪು ಮಕ್ಕಳು ಸುಮಾರು 1,700. ಇವರ ಐದು ವರ್ಷಗಳೇ ಈ ಶಾಲೆಯ ಚರಿತ್ರೆಯ ಹೃದಯ. ಕೆಲವರನ್ನು ನಾರ್ತ್ ಕೆರೊಲಿನಾದ ಕಿಟ್ರೆಲ್ ಕಾಲೇಜಿಗೆ ಕಳಿಸಿದರು. ಕ್ವೇಕರ್ ಪಂಥದವರ ಸೇವಾ ಸಂಸ್ಥೆ ಕೆಲವರನ್ನು ಬೇರೆ ರಾಜ್ಯಗಳ ಮನೆಗಳಲ್ಲಿ ಇರಿಸಿತು. ಒಂದೇ ಮನೆಯಲ್ಲಿ ಒಂದು ಮಗು ದೂರ ಹೋಯಿತು, ಇನ್ನೊಂದು ಉಳಿಯಿತು. ಉಳಿದವರಿಗೆ ಚರ್ಚಿನ ನೆಲಮಾಳಿಗೆಗಳಲ್ಲಿ ಹೆಣ್ಣುಮಕ್ಕಳು ನಾಲ್ಕಕ್ಷರ ಹೇಳಿಕೊಟ್ಟರು. ಅದಕ್ಕೆ ಶಾಲೆ ಅಂತ ಹೆಸರಿಡದೆ ತರಬೇತಿ ಕೇಂದ್ರ ಅಂದರು. ಸರ್ಕಾರದ ಹೊಣೆಯನ್ನು ಬಡವರು ಹೊತ್ತು ಸರ್ಕಾರವನ್ನು ಬಿಡುಗಡೆ ಮಾಡಬಾರದು ಅನ್ನುವ ಎಚ್ಚರ ಅದು.

ಇದಕ್ಕಿಂತ ದೊಡ್ಡ ಪರೀಕ್ಷೆ 1959ರ ಕೊನೆಯಲ್ಲಿ ಬಂತು. ನಿಮಗೂ ಒಂದು ಖಾಸಗಿ ಶಾಲೆ ಮಾಡಿಕೊಡ್ತೀವಿ, ಅರ್ಜಿ ಹಾಕಿ ಅಂತ ಬಿಳಿಯರು ಮುಂದೆ ಬಂದರು. ಅರ್ಜಿ ಬಂದದ್ದು ಒಂದೇ ಒಂದು. ಮನೆಯಲ್ಲಿ ಓದದೆ ಕೂತ ಮಗುವನ್ನು ಕಣ್ಣೆದುರಿಗೇ ಇಟ್ಟುಕೊಂಡು ಆ ತಂದೆತಾಯಿಗಳು ಬೇಡ ಅಂದರು. ಒಪ್ಪಿದ್ದರೆ ದಾವೆಯೂ ಸಾಯುತ್ತಿತ್ತು, ಸಾರ್ವಜನಿಕ ಶಾಲೆ ಅನ್ನುವ ಮಾತೂ ಸಾಯುತ್ತಿತ್ತು. ಈ ನಿರಾಕರಣೆ ಬಾರ್ಬರಾಳ ಮುಷ್ಕರಕ್ಕಿಂತ ಕಡಿಮೆಯದಲ್ಲ. ಇದಕ್ಕೆ ಪ್ರತಿಮೆ ಇಲ್ಲ. ಇದರ ಬೆಲೆ ತೆತ್ತವರು ಮಕ್ಕಳು ಅನ್ನೋದನ್ನೂ ಮುಚ್ಚಿಡಬಾರದು. 1959ರಲ್ಲಿ ಆರು ವರ್ಷವಿದ್ದ ಮಗುವಿಗೆ ಶಾಲೆ ಮತ್ತೆ ತೆರೆದಾಗ ಹನ್ನೊಂದು. ಹದಿಮೂರಿದ್ದವನಿಗೆ ಹದಿನೆಂಟು, ಅವನು ಆಗಲೇ ಕೂಲಿಗೆ ಹೋಗಿದ್ದ. ಹೋರಾಟವನ್ನು ಹೊಗಳುವವರು ಈ ಲೆಕ್ಕವನ್ನೂ ಎದುರಿಗಿಟ್ಟುಕೊಂಡು ಹೊಗಳಬೇಕು.

1963ರ ಬೇಸಿಗೆಯಲ್ಲಿ ಹುಡುಗರು ಮತ್ತೆ ಬೀದಿಗಿಳಿದರು. ಆ ಸೆಪ್ಟೆಂಬರಿನಲ್ಲಿ ಕೆನಡಿ ಸರ್ಕಾರದ ಒತ್ತಾಸೆಯಿಂದ, ದೇಣಿಗೆ ಹಣದಲ್ಲಿ 'ಫ್ರೀ ಸ್ಕೂಲ್' ಒಂದು ವರ್ಷ ನಡೆಯಿತು. ಸುಮಾರು 1,500 ಮಕ್ಕಳು ಬಂದರು, ಬೆರಳೆಣಿಕೆಯ ಬಿಳಿ ಮಕ್ಕಳೂ ಬಂದರು. 1964ರ ಮೇ 25ರಂದು ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಪಾದ್ರಿ ಗ್ರಿಫಿನ್‌ರ ಮನೆತನದ ಹೆಸರಿನ ದಾವೆ ಅದು. ರಾಜ್ಯದ ಬೇರೆಲ್ಲ ಕಡೆ ಶಾಲೆ ನಡೆಯುತ್ತಿರುವಾಗ ಇಲ್ಲಿ ಮಾತ್ರ ಮುಚ್ಚಿ ಖಾಸಗಿ ಶಾಲೆಗೆ ದುಡ್ಡು ಕೊಡೋದು ಅನ್ಯಾಯ, ಬೇಕಾದರೆ ತೆರಿಗೆ ಎತ್ತಿ ಶಾಲೆ ತೆರೆಯಿರಿ ಅಂತ ಕೋರ್ಟು ಆಜ್ಞೆ ಮಾಡಬಹುದು ಅಂತ ಅದು ಹೇಳಿತು. 1954ರ ತೀರ್ಪು ಹಕ್ಕನ್ನು ಹೇಳಿತು, 1964ರದ್ದು ಖಜಾನೆಯ ಬಾಗಿಲು ತಟ್ಟಿತು. ಪುಸ್ತಕಗಳು ಮೊದಲನೆಯದನ್ನು ಹಾಡುತ್ತವೆ. ನಮಗೆ ಪಾಠ ಇರುವುದು ಎರಡನೆಯದರಲ್ಲಿ.

ಶಾಲೆ ತೆರೆಯಿತು. ಬಂದವರು ಬಹುಪಾಲು ಕಪ್ಪು ಮಕ್ಕಳೇ. ಬಿಳಿಯರು ಅಕಾಡೆಮಿಯಲ್ಲೇ ಉಳಿದರು. ಆ ಅಕಾಡೆಮಿ 1978ರಲ್ಲಿ ತೆರಿಗೆ ವಿನಾಯಿತಿ ಕಳಕೊಂಡು, 1986ರಲ್ಲಿ ಮೊದಲ ಬಾರಿಗೆ ಕಪ್ಪು ಮಕ್ಕಳನ್ನು ಸೇರಿಸಿಕೊಂಡಿತು. ಯಾವುದು ಬಾಗಿಸಿತು, ಮನಸ್ಸಾಕ್ಷಿಯೋ ಲೆಕ್ಕಪತ್ರವೋ, ಓದುಗರು ಯೋಚಿಸಲಿ.

2003ರಲ್ಲಿ ವರ್ಜೀನಿಯಾದ ಶಾಸನಸಭೆ ಶಾಲೆ ಮುಚ್ಚಿದ್ದಕ್ಕೆ ಆಳವಾದ ವಿಷಾದ ಸೂಚಿಸಿತು. ಓದು ಕಳಕೊಂಡವರಿಗೆ, ಅಷ್ಟರಲ್ಲಿ ತಲೆ ನರೆತವರಿಗೆ, ಗೌರವ ಡಿಪ್ಲೊಮಾ ಕೊಟ್ಟರು. 2004ರಲ್ಲಿ ಅವರಿಗಾಗಿ ವಿದ್ಯಾರ್ಥಿವೇತನದ ನಿಧಿ ಆಯಿತು. ನಿಧಿ ಕೆಲಸದ ಮಾತು, ಅದನ್ನು ಒಪ್ಪೋಣ. ವಿಷಾದದ ಭಾಷೆಯನ್ನು ಮಾತ್ರ ಒಪ್ಪೋದು ಕಷ್ಟ. 'ಶಾಲೆಗಳು ಮುಚ್ಚಿದವು' ಅನ್ನುತ್ತಾರೆ. ಶಾಲೆ ತಾನಾಗಿ ಮುಚ್ಚಲ್ಲ. ಕರ್ತೃ ಇಲ್ಲದ ಕ್ರಿಯಾಪದದಲ್ಲಿ ಅಪರಾಧಿ ಅಡಗಿಕೊಳ್ಳುತ್ತಾನೆ. ಕನ್ನಡ ಮೇಷ್ಟ್ರುಗಳು ವ್ಯಾಕರಣ ಪಾಠಕ್ಕೆ ಈ ವಾಕ್ಯ ತಗೋಬಹುದು.

ಕೊನೆಗೆ ಆ ಹಳೆಯ ಕಟ್ಟಡ ಉಳಿದದ್ದು ಹೇಗೆ? 1993ರಲ್ಲಿ ಅಲ್ಲಿ ಪಾಠ ನಿಂತಾಗ ಉಳಿಸಲು ಮುಂದೆ ಬಂದದ್ದು ಮಾರ್ಥಾ ಫಾರೆಸ್ಟರ್ ಹೆಸರು ಹೊತ್ತ ಅದೇ ಮಹಿಳೆಯರ ಸಂಘ. ಶಾಲೆ ಬೇಕು ಅಂತ ಅರ್ಜಿ ಹಾಕಿದವರ ವಾರಸುದಾರರೇ ಶಾಲೆಯ ನೆನಪನ್ನೂ ಉಳಿಸಿದರು. ಚರಿತ್ರೆ ಬರೆಯುವ ಹಕ್ಕು ಮೊದಲು ಯಾರದು ಅನ್ನೋ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಹಳ್ಳಿಗಳ ಮೇಷ್ಟ್ರು ಗೆಳೆಯರೇ, ವಿದ್ಯಾರ್ಥಿಗಳೇ, ನಿಮ್ಮ ಶಾಲೆಗೂ ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ ಅಂತ ಬರುತ್ತೆ, ಸ್ಮರಣ ಸಂಚಿಕೆ ಬರುತ್ತೆ. ಅದರಲ್ಲಿ ದಾನಿಗಳ ಫೋಟೋ, ಮಂತ್ರಿಗಳ ಸಂದೇಶ ತುಂಬಿರುತ್ತೆ. ನೀವು ಬೇರೆ ಪ್ರಶ್ನೆ ಹಿಡಿದು ಕೇರಿಗೆ ಹೋಗಿ. ಶಾಲೆ ಬೇಕು ಅಂತ ಮೊದಲು ಕೇಳಿದವರು ಯಾರು? ಯಾರನ್ನು ಯಾವ ವರ್ಷದವರೆಗೆ ಹೊರಗೆ ಕೂರಿಸಿದ್ದರು? ಯಾರ ಓದು ಎಷ್ಟನೇ ಕ್ಲಾಸಿಗೆ ನಿಂತಿತು, ಯಾಕೆ? ಉತ್ತರ ಹೇಳುವವರು ಇನ್ನೂ ಬದುಕಿರುವಾಗಲೇ ಬರೆದುಕೊಳ್ಳಿ. ಬರೆಯುವಾಗ ಕರ್ತೃಪದ ಬಿಡಬೇಡಿ.