ಸಂಶೋಧನೆಯ ಎಣಿಕೆಯೂ ತೂಕವೂ

ಕಂಪ್ಲಿಯ ಕುಮಾರರಾಮನ ಚರಿತ್ರೆಯನ್ನು ಶೋಧಿಸಹೊರಟ ವಿದ್ವಾಂಸನು ನಂಜುಂಡಕವಿಯ ಸಾಂಗತ್ಯವನ್ನು ಓದಬೇಕು. ಸಂಡೂರು ಸೀಮೆಯ ಜನಪದರ ಹಾಡುಕಥೆಗಳಿಗೆ ಕಿವಿಗೊಡಬೇಕು. ಶಾಸನಗಳನ್ನೂ ಮುಸಲ್ಮಾನ ಚರಿತ್ರಕಾರರ ಬರವಣಿಗೆಯನ್ನೂ ಅವುಗಳೊಡನೆ ತಾಳೆನೋಡಬೇಕು. ವರ್ಷಗಟ್ಟಲೆಯ ಈ ದುಡಿಮೆಯ ಫಲವು ಸಹಜವಾಗಿ ಕನ್ನಡದ ಗ್ರಂಥವಾಗಿ ಹೊರಬರುವುದು. ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಅಳತೆಗೋಲಿನಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ಆ ಅಂಕವಾದರೂ ಏನು? ಒಂದು ಪತ್ರಿಕೆಯ ಹಿಂದಿನ ಎರಡು ವರ್ಷಗಳ ಲೇಖನಗಳನ್ನು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಿಸಿದರೆಂಬ ಲೆಕ್ಕ. ಪತ್ರಿಕೆಯ ಲೆಕ್ಕವೇ ಹೊರತು ಲೇಖಕನದಲ್ಲ. ವಿಜಯನಗರವನ್ನು ಕುರಿತ ರಾಬರ್ಟ್ ಸಿವೆಲರ ಗ್ರಂಥವು ಅಚ್ಚಾದುದು 1900ರಲ್ಲಿ. ಹಂಪೆಯ ಅಭ್ಯಾಸಿಗಳು ಇಂದಿಗೂ ಅದನ್ನು ತೆರೆಯುತ್ತಾರೆ. ಎರಡು ವರ್ಷದ ಗಡುವು ಇಲ್ಲಿ ಏನನ್ನು ಅಳೆದೀತು?

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2010ರಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿಯನ್ನು ತಂದ ಮೇಲೆ, ಹಣ ಪಡೆದು ಏನನ್ನಾದರೂ ಅಚ್ಚಿಸುವ ಪತ್ರಿಕೆಗಳು ಹುಲುಸಾದವು. 2015ರ ಲೈಡನ್ ಪ್ರಣಾಳಿಕೆಯು ಸ್ಥಳೀಯ ಮಹತ್ತ್ವದ ಸಂಶೋಧನೆಯನ್ನು ರಕ್ಷಿಸಬೇಕೆಂದು ಸಾರಿದುದು ಉಚಿತವೇ. ಅಷ್ಟಕ್ಕೇ ಕನ್ನಡದಲ್ಲಿ ಬರೆದುದೆಲ್ಲವೂ ಯೋಗ್ಯವಾಗದು. 1991ರಲ್ಲಿ ಹಂಪೆಯ ಬಳಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯದ ಪ್ರಕಟಣೆಗಳ ರಾಶಿಯನ್ನೆಣಿಸಿ ಹಿಗ್ಗುವುದೂ ಅದೇ ದೋಷ! ಅಲ್ಲಿ ಕುಲಪತಿಗಳಾಗಿದ್ದ ಎಂ. ಎಂ. ಕಲಬುರ್ಗಿಯವರ ‘ಮಾರ್ಗ’ದ ಬೆಲೆಯು ಸಂಪುಟಗಳ ಸಂಖ್ಯೆಯಲ್ಲಿಲ್ಲ, ಶಾಸನವನ್ನೋದಿ ವಾದ ಹೂಡುವ ರೀತಿಯಲ್ಲಿದೆ. ಅದನ್ನು ಒಪ್ಪಲಿಕ್ಕೂ ಅಲ್ಲಗಳೆಯಲಿಕ್ಕೂ ಪುಟ ತಿರುವಲೇಬೇಕು. ಆದುದರಿಂದ ಬಡ್ತಿಯ ಮಂಡಲಿಯಲ್ಲಿ ಆಯಾ ವಿಷಯವನ್ನು ಕನ್ನಡದಲ್ಲಿ ಓದಬಲ್ಲ ಇಬ್ಬರಾದರೂ ಇರತಕ್ಕದ್ದು. ಅವರ ಅಭಿಪ್ರಾಯವು ಲಿಖಿತವಾಗಿ ಅಭ್ಯರ್ಥಿಯ ಕೈಸೇರತಕ್ಕದ್ದು.