ಕೇಳುವವರಿದ್ದರೆ ಬರೆಯುವವರಿದ್ದಾರೆ

ಬೇಬಿ ಹಾಲ್ದಾರ್ ಅವರ ಆತ್ಮಕಥೆ ‘ಆಲೋ ಆಂಧಾರಿ’ಯನ್ನು ಮನೆಗೆಲಸದ ಹೆಣ್ಣುಮಗಳೊಬ್ಬಳ ಸಂಕಟದ ದಾಖಲೆಯಾಗಿ ಓದುವವರೇ ಹೆಚ್ಚು. ಹಾಗೆ ಓದುವುದು ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ಪುಸ್ತಕದ ಅರ್ಧ ಸತ್ವ ಕೈತಪ್ಪುತ್ತದೆ. ನನ್ನ ಮಟ್ಟಿಗೆ ಇದು ಮೊದಲಿಗೆ ಅಕ್ಷರದ ಕಥೆ. ನಡುವೆ ನಿಂತುಹೋದ ಓದು ಮತ್ತೆ ಹೇಗೆ ಚಿಗುರಿತು, ಎದುರಿಗೆ ಕೂತು ಆಡಿದ ಮಾತು ಹೇಗೆ ಬರಹವಾಯಿತು ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಭಾರತೀಯ ಪುಸ್ತಕಗಳು ವಿರಳ.

ತಾಯಿ ಮನೆ ಬಿಟ್ಟು ಹೋದಾಗ ಬೇಬಿ ಇನ್ನೂ ಎಳೆಯ ಮಗು. ಶಾಲೆಗೆ ಹೋದದ್ದು ಅಷ್ಟಿಷ್ಟು. 12ನೇ ವಯಸ್ಸಿಗೆ, ತನಗಿಂತ 14 ವರ್ಷ ಹಿರಿಯನೊಂದಿಗೆ ಮದುವೆ. ಗಂಡನ ಹೊಡೆತ ತಾಳಲಾರದೆ 1999ರಲ್ಲಿ ಮೂವರು ಮಕ್ಕಳನ್ನು ಕರೆದುಕೊಂಡು ದುರ್ಗಾಪುರದಿಂದ ದೆಹಲಿಯ ಕಡೆಗೆ ರೈಲು ಹತ್ತಿದರು. ಕೆಲವು ಮನೆಗಳಲ್ಲಿ ದುಡಿದು ಕೊನೆಗೆ ಸೇರಿದ್ದು ಗುಡಗಾಂವ್‌ನಲ್ಲಿದ್ದ ಪ್ರಬೋಧ್ ಕುಮಾರ್ ಅವರ ಮನೆಗೆ. ಅವರು ಮಾನವಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು, ಹಿಂದಿ ಸಾಹಿತಿ ಪ್ರೇಮಚಂದರ ಮೊಮ್ಮಗ.

ಪುಸ್ತಕದ ತಿರುವು ಇರುವುದು ಇಲ್ಲಿಯೇ. ಕಪಾಟಿನ ದೂಳು ಒರೆಸುವಾಗ ಬಂಗಾಳಿ ಪುಸ್ತಕಗಳ ಮುಂದೆ ಬೇಬಿಯ ಕೈ ತಡವರಿಸುವುದನ್ನು ಪ್ರಬೋಧ್ ಗಮನಿಸುತ್ತಾರೆ. ಓದಲು ಬರುತ್ತದೆಯೇ ಎಂದು ತಿಳಿದುಕೊಂಡು ಸುಮ್ಮನಾಗುವುದಿಲ್ಲ, ಯಾವ ಲೇಖಕರು ನೆನಪಿದ್ದಾರೆ ಎಂದು ವಿಚಾರಿಸುತ್ತಾರೆ. ರವೀಂದ್ರನಾಥ, ನಜ್ರುಲ್, ಶರತ್‌ಚಂದ್ರ ಎಂದು ಬೇಬಿ ಒಂದೊಂದೇ ಹೆಸರು ಹೇಳುತ್ತಾರೆ. ಕಳೆದೇ ಹೋಯಿತು ಎಂದುಕೊಂಡಿದ್ದ ಶಾಲೆ ತನ್ನೊಳಗೆ ಉಳಿದಿದೆ ಎಂಬುದು ಆ ಉತ್ತರದಲ್ಲೇ ಅವರಿಗೆ ಗೊತ್ತಾಗುತ್ತದೆ. ಆಮೇಲೆ ಕೈಗೆ ಬಂದದ್ದು ತಸ್ಲಿಮಾ ನಸ್ರೀನ್ ಅವರ ಬಾಲ್ಯದ ಆತ್ಮಕಥೆ. ಅದರ ಹಿಂದೆಯೇ ಒಂದು ನೋಟ್‌ಬುಕ್ಕು, ಒಂದು ಪೆನ್ನು. ದಿನಕ್ಕೆ ಒಂದೆರಡು ಪುಟವಾದರೂ ಸರಿ, ನಿನ್ನ ಬದುಕನ್ನೇ ಬರೆ ಎಂಬ ಸಲಹೆ. ಬರೆದದ್ದನ್ನು ಪ್ರಬೋಧ್ ತಿದ್ದಿದರು, ಹಿಂದಿಗೆ ಅನುವಾದಿಸಿದರು. ಕೊಲ್ಕತ್ತದ ಅಶೋಕ್ ಸೇಕ್ಸರಿಯಾ ಅವರಂಥ ಗೆಳೆಯರು ಓದಿ ಪತ್ರ ಬರೆದು ಹುರಿದುಂಬಿಸಿದರು. 2002ರಲ್ಲಿ ಪುಸ್ತಕ ಮೊದಲು ಹಿಂದಿಯಲ್ಲಿ ಹೊರಬಂತು. ಬಂಗಾಳಿ ಮೂಲ ಅಚ್ಚಾದದ್ದು ಆಮೇಲೆ.

ಇದರ ಪಕ್ಕದಲ್ಲಿ 19ನೇ ಶತಮಾನದ ರಾಸಸುಂದರಿ ದೇವಿಯವರ ಬಂಗಾಳಿ ಆತ್ಮಕಥೆ ‘ಆಮಾರ್ ಜೀಬನ್’ ಇಟ್ಟು ನೋಡಬೇಕು. ಹೆಣ್ಣು ಓದಿದರೆ ಅನಿಷ್ಟ ಎಂದು ಜನ ನಂಬಿದ್ದ ಕಾಲ ಅದು. ಅಡುಗೆಮನೆಯಲ್ಲಿ ಸಿಕ್ಕ ‘ಚೈತನ್ಯ ಭಾಗವತ’ದ ಒಂದು ಹಾಳೆಯನ್ನು ಬಚ್ಚಿಟ್ಟುಕೊಂಡು, ಮಗ ಅಕ್ಷರ ತಿದ್ದಿದ್ದ ತಾಳೆಗರಿಯೊಂದಿಗೆ ಹೋಲಿಸುತ್ತ ಅವರು ಕದ್ದು ಓದು ಕಲಿತರು. ಬರೆಯಲು ಕಲಿತದ್ದು ಮಾತ್ರ ಎಷ್ಟೋ ವರ್ಷಗಳ ನಂತರ, ದೂರದಲ್ಲಿದ್ದ ಮಗ ತನ್ನ ಪತ್ರಗಳಿಗೆ ಉತ್ತರ ಏಕಿಲ್ಲ ಎಂದು ಕೇಳಿದ ಮೇಲೆ. ಓದನ್ನು ಅವರು ಒಬ್ಬರೇ ಸಂಪಾದಿಸಿದರು, ಬರವಣಿಗೆಗೆ ಉತ್ತರ ಬಯಸುವ ಇನ್ನೊಂದು ಜೀವ ಬೇಕಾಯಿತು. ಬೇಬಿಯ ಪುಸ್ತಕ ಹೇಳುವುದೂ ಇದನ್ನೇ.

ಬೇಬಿಯ ಗದ್ಯಕ್ಕೆ ಅಲಂಕಾರದ ಹಂಗಿಲ್ಲ. ಏಟು, ಹೆರಿಗೆ, ಹಸಿವು ಎಲ್ಲವೂ ಒಂದೇ ದನಿಯಲ್ಲಿ ಬರುತ್ತವೆ, ಅನುಕಂಪ ಬೇಡುವುದಿಲ್ಲ. ‘ನಾನು’ ಎಂದು ಹೇಳುತ್ತಿದ್ದ ನಿರೂಪಣೆ ಕೆಲವೆಡೆ ‘ಬೇಬಿ’ ಎಂದು ಹೊರಗಿನಿಂದ ನೋಡತೊಡಗುತ್ತದೆ. ಅದನ್ನು ಕಸುಬಿನ ಕೊರತೆ ಎನ್ನಲಾರೆ. ಅನುಭವಿಸಿದವಳನ್ನು ಬರೆಯುವವಳು ಎದುರಿಗೆ ಕೂರಿಸಿಕೊಂಡು ಮಾತನಾಡಿಸುವ ಬಗೆ ಅದು. ಬರವಣಿಗೆ ಅವರಿಗೆ ಕೊಟ್ಟ ದೊಡ್ಡ ಬಲವೂ ಅದೇ.

ಮಿತಿಗಳೂ ಇವೆ. ಘಟನೆಗಳು ಒಂದರ ಬೆನ್ನಿಗೆ ಇನ್ನೊಂದು ನುಗ್ಗುತ್ತವೆ, ನಿಂತು ಯೋಚಿಸುವ ಬಿಡುವು ಕಡಿಮೆ. ಬರೆಯುವ ಅನುಭವದ ಬಗ್ಗೆ ಬೇಬಿ ಮಾತಾಡುವುದು ಕೊನೆಯ ಭಾಗದಲ್ಲಿ ಮಾತ್ರ, ಇನ್ನಷ್ಟು ಬೇಕಿತ್ತು. ಕೇಳಿದವರೂ ತಿದ್ದಿದವರೂ ಸಂಬಳ ಕೊಡುವ ಯಜಮಾನರೇ ಆಗಿದ್ದರು ಎಂಬುದನ್ನೂ ಮರೆಯಬಾರದು. ನೋಟ್‌ಬುಕ್ಕಿನ ಮೊದಲ ಬರಹ ತಿದ್ದುಪಡಿಯಿಲ್ಲದೆ ಓದುಗರ ಮುಂದೆ ಬಂದಿದ್ದರೆ ಯಾವುದು ಯಾರ ದನಿ ಎಂಬುದು ಸ್ಪಷ್ಟವಾಗುತ್ತಿತ್ತು. ಆದರೂ ಪ್ರಬೋಧ್ ಏನು ಬರೆಯಬೇಕೆಂದು ವಿಧಿಸಲಿಲ್ಲ, ಓದಲು ಕಾದರು. ಈ ಕಾಯುವಿಕೆಯೇ ಅವರನ್ನು ಉಳಿದ ಉಪಕಾರಿಗಳಿಂದ ಬೇರೆ ಮಾಡುತ್ತದೆ.

ಸಾಕ್ಷರತೆಯ ಬಗ್ಗೆ ಕಾಳಜಿಯಿರುವ ಎಲ್ಲರೂ ಓದಬೇಕಾದ ಪುಸ್ತಕವಿದು. ಹೆಬ್ಬೆಟ್ಟಿನ ಜಾಗದಲ್ಲಿ ಸಹಿ ಬಂದರೆ ಕಲಿಕೆ ಮುಗಿಯಿತು ಎಂದು ಭಾವಿಸುವ ವಯಸ್ಕರ ಶಿಕ್ಷಣಕ್ಕೆ ಇದು ಗಟ್ಟಿಯಾದ ಉತ್ತರ. ರಾತ್ರಿ ಶಾಲೆಯಲ್ಲಿ ಕಲಿಸುವವರು, ಸ್ವಸಹಾಯ ಸಂಘ ನಡೆಸುವವರು, ಮನೆಯಲ್ಲಿ ಅಮ್ಮ-ಅಜ್ಜಿ ಇರುವ ನಾವೆಲ್ಲರೂ ಒಂದು ಪ್ರಶ್ನೆ ಕೇಳೋಣ: ನೀವು ಅಕ್ಷರ ಕಲಿತದ್ದು ಹೇಗೆ, ಬಿಟ್ಟದ್ದು ಯಾಕೆ? ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳೋಣ. ಆಮೇಲೆ ಒಂದು ನೋಟ್‌ಬುಕ್ಕು ಕೊಟ್ಟು, ಅವರು ಬರೆದದ್ದನ್ನು ತಪ್ಪದೆ ಓದೋಣ.